ಸುಮ್ಮನಿರಬಲ್ಲ ಗುರುಗಳು

ಕಿಷ್ಕಿಂಧಾಕಾಂಡದ ಕೊನೆಯಲ್ಲಿ ಒಂದು ಮೀಟಿಂಗ್ ನಡೆಯುತ್ತದೆ. ಎದುರಿಗೆ ಸಮುದ್ರ, ಆಚೆ ದಡದಲ್ಲಿ ಲಂಕೆ, ನಡುವೆ ನೂರು ಯೋಜನ. ಯಾರು ಎಷ್ಟು ಹಾರಬಲ್ಲಿರಿ ಎಂದು ಅಂಗದ ಕೇಳಿದ್ದೇ ತಡ, ಒಬ್ಬೊಬ್ಬರಾಗಿ ಎದ್ದು ತಮ್ಮ ಬಯೋಡೇಟಾ ಒಪ್ಪಿಸತೊಡಗುತ್ತಾರೆ. ಗಜ ಹತ್ತು ಯೋಜನ ಎನ್ನುತ್ತಾನೆ, ಗವಾಕ್ಷ ಇಪ್ಪತ್ತು. ಹೀಗೇ ಏರುತ್ತಾ ಹೋಗಿ ಸುಷೇಣ ಎಂಬತ್ತಕ್ಕೆ ನಿಲ್ಲುತ್ತಾನೆ. ಪ್ರಾಯದಲ್ಲಿ ತ್ರಿವಿಕ್ರಮನಿಗೇ ಪ್ರದಕ್ಷಿಣೆ ಬಂದವನು ನಾನು, ಈಗ ತೊಂಬತ್ತರ ಮೇಲೆ ಆಗದು ಎಂದು ಮುದುಕ ಜಾಂಬವಂತ ಹೇಳುತ್ತಾನೆ. ಅಂಗದನೇನೋ ನೂರೂ ಹಾರಬಲ್ಲ, ವಾಪಸು ಬರುವುದರ ಬಗ್ಗೆ ಮಾತ್ರ ಅವನಿಗೇ ಅನುಮಾನ. ವೈದ್ಯಕೀಯ ಕಾಲೇಜಿನ ಯಾವುದೇ ವಿಭಾಗದ ಸಭೆಯಲ್ಲಿ ಕೂತೆದ್ದು ಬಂದವರಿಗೆ ಈ ದೃಶ್ಯ ಹೊಸದೇನಲ್ಲ. ಹಳೆಯ ಪ್ರತಾಪ ನೆನೆಯುವ ಹಿರಿಯರು, ತಮ್ಮ ಅಳತೆ ತಿಳಿದು ಮೊದಲೇ ಕೈಮುಗಿಯುವವರು, ಹೋಗಲು ಧೈರ್ಯವಿದ್ದೂ ಬರಲು ದಾರಿ ಕಾಣದ ಯುವಕ, ಎಲ್ಲರೂ ಇದ್ದಾರೆ. ಹನುಮಂತನೊಬ್ಬ ಒಂದು ಕಡೆ ಸುಮ್ಮನೆ ಕೂತಿದ್ದಾನೆ. ಇಷ್ಟೆಲ್ಲ ಮುಗಿದ ಮೇಲೆ ಜಾಂಬವಂತ ಅವನ ಕಡೆ ತಿರುಗುತ್ತಾನೆ.

ನನಗೆ ಈ ಪ್ರಸಂಗದಲ್ಲಿ ಹಾರಾಟಕ್ಕಿಂತ ಹೆಚ್ಚು ರುಚಿಸುವುದು ಆ 'ಮುಗಿದ ಮೇಲೆ'. ಹನುಮಂತನ ಕಸುವು ಜಾಂಬವಂತನಿಗೆ ಮೊದಲೇ ಗೊತ್ತಿತ್ತು. ಮೊದಲ ಮಾತಿಗೇ ಅವನ ಹೆಸರು ಹೇಳಿ ಸಭೆ ಮುಗಿಸಬಹುದಿತ್ತು. ಎಲ್ಲರ ಲೆಕ್ಕ ಕೇಳಿಸಿಕೊಂಡು, ಕೆಲಸ ಯಾರಿಂದಲೂ ಆಗುವುದಿಲ್ಲ ಎಂಬುದು ಬಯಲಾಗುವವರೆಗೂ ಕಾದ. ಆಮೇಲೂ ಅವನು ಹಾರುವ ವಿದ್ಯೆ ಹೇಳಿಕೊಡಲಿಲ್ಲ, ಹುಟ್ಟಿನ ಕಥೆ ಹೇಳಿದ, ಅಷ್ಟೆ.

ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯಲ್ಲಿ 1963ರಲ್ಲಿ ಮನೋವೈದ್ಯ ವಿಭಾಗವನ್ನು ಕಟ್ಟಿದ ನರೇಂದ್ರನಾಥ ವಿಗ್ ತಮ್ಮ ಇಳಿವಯಸ್ಸಿನಲ್ಲಿ, 2004ರಲ್ಲಿ, ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಒಂದು ಪುಟ್ಟ ಲೇಖನ ಬರೆದರು. ಈಡಿಪಸ್ ಕಾಂಪ್ಲೆಕ್ಸ್ ಕೇಳಿ ಕೇಳಿ ಕಿವಿ ತೂತಾಗಿದ್ದ ನಮ್ಮ ವೃತ್ತಿಗೆ ಅವರು ಕೊಟ್ಟ ಹೆಸರು 'ಹನುಮಾನ್ ಕಾಂಪ್ಲೆಕ್ಸ್'. ತನ್ನ ಶಕ್ತಿಯನ್ನು ತಾನೇ ಮರೆತು ಕೂತವನಿಗೆ ಇನ್ನೊಬ್ಬರು ಅದನ್ನು ನೆನಪಿಸಿಕೊಡುವುದೇ ಮನೋಚಿಕಿತ್ಸೆಯ ತಿರುಳು ಎಂದು ಅವರು ತೋರಿಸಿದ್ದು ರೋಗಿ ಮತ್ತು ವೈದ್ಯರ ಸಂದರ್ಭದಲ್ಲಿ. ನಾನು ಅದನ್ನು ಓದುವಾಗಲೆಲ್ಲ ಕಣ್ಣಿಗೆ ಕಟ್ಟುವುದು ಬೇರೆಯೇ ಜೋಡಿ: ವಿಭಾಗದ ಹಿರಿಯ ಪ್ರೊಫೆಸರ್ ಮತ್ತು ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್. ದಶಕಗಳ ಕಾಲ ವಿಭಾಗ ಕಟ್ಟಿ, ಶಿಷ್ಯರನ್ನು ಬೆಳೆಸಿದ ಒಬ್ಬರು ಆ ಕಥೆಯನ್ನು ಆರಿಸಿಕೊಂಡಾಗ ಜಾಂಬವಂತನ ಕುರ್ಚಿಯ ಅನುಭವವೂ ಅದರೊಳಗೆ ಸೇರಿಕೊಂಡಿರಲೇಬೇಕು ಎಂದು ನನ್ನ ಊಹೆ.

ಬೇರೆ ವಿಭಾಗಗಳಲ್ಲಿ ವಿದ್ಯೆ ಕೈಯಿಂದ ಕೈಗೆ ದಾಟುತ್ತದೆ. ಸರ್ಜರಿಯವರು ಗಂಟು ಹಾಕುವುದನ್ನು ತೋರಿಸಬಹುದು, ಮೆಡಿಸಿನ್‌ನವರು ಸ್ಟೆತಾಸ್ಕೋಪನ್ನು ಶಿಷ್ಯನ ಕಿವಿಗೆ ಕೊಟ್ಟು ಕೇಳು ಎನ್ನಬಹುದು. ನಮ್ಮಲ್ಲಿ ಇರುವುದು ಎರಡು ಕುರ್ಚಿ, ಒಂದಿಷ್ಟು ಮಾತು, ಅದಕ್ಕಿಂತ ಹೆಚ್ಚು ಮೌನ. ಪುಸ್ತಕದಲ್ಲಿ ಲಕ್ಷಣಗಳಿವೆ, ಮಾತ್ರೆಗಳ ಪ್ರಮಾಣವಿದೆ. ಅಳುವ ಮನುಷ್ಯನ ಎದುರು ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಯಾರೋ ಮಾಡುವುದನ್ನು ಅದೇ ಕೋಣೆಯಲ್ಲಿ ಕೂತು ನೋಡಬೇಕು. ಹಾಗಾಗಿ ಮನೋವೈದ್ಯ ವಿಭಾಗದ ಒಳ್ಳೆಯ ಗುರುಗಳನ್ನು ನೋಡುವುದೇ ಒಂದು ಸುಖ. ಸಂಗೀತ ಕಛೇರಿಯಲ್ಲಿ ಮುಂದಿನ ಸಾಲು ಹಿಡಿಯಲು ಓಡುವವರಂತೆ ನಾನು ಕೇಸ್ ಕಾನ್ಫರೆನ್ಸಿನ ಮುಂದಿನ ಸಾಲಿಗೆ ಓಡಿದವನು.

ಅಂಥ ಒಂದು ಕಾನ್ಫರೆನ್ಸನ್ನು ನೆನೆಯುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಐವತ್ತರ ಆಸುಪಾಸಿನ ರೈತ ಮಹಿಳೆ, ಎರಡು ತಿಂಗಳಿಂದ ಮಾತು ಕಡಿಮೆ, ಊಟ ಕಡಿಮೆ. ರೆಸಿಡೆಂಟ್ ಹುಡುಗ ಅಚ್ಚುಕಟ್ಟಾಗಿ ಕೇಸ್ ಮಂಡಿಸಿದ. ಮುಖ್ಯ ದೂರು, ಕಾಯಿಲೆಯ ಇತಿಹಾಸ, ಮನೆತನದ ಇತಿಹಾಸ, ಮನಃಸ್ಥಿತಿ ಪರೀಕ್ಷೆ, ಒಂದೂ ಬಿಟ್ಟಿರಲಿಲ್ಲ. ಅವನು ಅವರಿಗೆ ಕೇಳಿದ್ದ ಪ್ರಶ್ನೆಗಳೂ ಸರಿಯಾದವೇ: ಬೇಜಾರಾಗುತ್ತಾ, ನಿದ್ದೆ ಬರುತ್ತಾ, ಬದುಕು ಸಾಕು ಅನಿಸುತ್ತಾ. ಎಲ್ಲಕ್ಕೂ ಅವರ ಉತ್ತರ ಒಂದೇ, 'ಏನೂ ಇಲ್ಲ'. ಆಮೇಲೆ ಆ ತಾಯಿಯನ್ನು ಒಳಗೆ ಕರೆದರು. ಪ್ರೊಫೆಸರ್ ಎದ್ದು, ತಮ್ಮ ಕುರ್ಚಿಯನ್ನು ಸಭಿಕರಿಗೆ ಬೆನ್ನಾಗುವಂತೆ ಸ್ವಲ್ಪ ತಿರುಗಿಸಿಕೊಂಡು ಕೂತರು. ಇದು ಸಣ್ಣ ವಿಷಯ, ಆದರೆ ನಲವತ್ತು ಮುಖಗಳು ಒಮ್ಮೆಗೇ ಆ ಹೆಂಗಸಿನ ಕಣ್ಣಿನಿಂದ ಮರೆಯಾದವು.

'ಬಸ್ಸಲ್ಲಿ ಬಂದ್ರಾ?' ಎಂದರು. ಹೌದೆಂದು ತಲೆಯಾಡಿತು. 'ಮನೇಲಿ ದನ ಕರ ಅದಾವಾ?' ಒಂದು ಹಸು ಇದೆ ಎಂದು ಬೆರಳು ತೋರಿಸಿತು. 'ಈಗ ಯಾರು ಕರೀತಾರೆ?' ಎಂದು ಕೇಳಿ ಅವರು ಸುಮ್ಮನಾದರು. ಆ ಸುಮ್ಮನಿರುವಿಕೆ ಎಷ್ಟು ಉದ್ದವಿತ್ತೆಂದರೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ನನ್ನ ಪಕ್ಕದವರು ಗಡಿಯಾರ ನೋಡಿಕೊಂಡರು. ರೆಸಿಡೆಂಟ್ ಮುಂದಿನ ಪ್ರಶ್ನೆ ಕೇಳಲು ಬಾಯಿ ತೆರೆದ. ಪ್ರೊಫೆಸರ್ ಅವನತ್ತ ನೋಡದೆಯೇ ಎಡಗೈಯನ್ನು ತೊಡೆಯ ಮೇಲಿಂದ ಒಂದಿಷ್ಟು ಎತ್ತಿದರು. ಆಮೇಲೆ ಆ ತಾಯಿ ಹೇಳಿದರು: 'ನನ್ನ ಕೈಗೆ ಹಾಲು ಬಿಡ್ತಿಲ್ಲ ಸೋಮಿ. ಅದಕ್ಕೂ ಗೊತ್ತಾಗೈತೆ.'

ಏನು ಗೊತ್ತಾಗಿದೆ ಎಂದು ಮುಂದಿನ ಹತ್ತು ನಿಮಿಷದಲ್ಲಿ ಹೊರಬಂತು. ತಾನು ಪಾಪಿ, ಮಗನ ಸಾಲ ತನ್ನಿಂದಲೇ ಆದದ್ದು, ತಾನು ಮುಟ್ಟಿದ್ದೆಲ್ಲ ಒಣಗುತ್ತದೆ. ತೀವ್ರ ಖಿನ್ನತೆಯ ಅಪರಾಧಭಾವ, ಪಠ್ಯಪುಸ್ತಕದ ಪ್ರಕಾರವೇ. ಆದರೆ ಯಾವ ಪಠ್ಯಪುಸ್ತಕವೂ ಹಸುವಿನ ಬಳಿಗೆ ಕರೆದೊಯ್ಯುವುದಿಲ್ಲ. ಅವರನ್ನು ವಾರ್ಡಿಗೆ ಕಳಿಸಿದ ಮೇಲೆ ಪ್ರೊಫೆಸರ್ ರೆಸಿಡೆಂಟನ ಕಡೆ ತಿರುಗಿದರು. ನಾವೆಲ್ಲ ಬೈಗುಳಕ್ಕೆ ಸಿದ್ಧರಾದೆವು. ಅವರು ಕೇಳಿದ್ದು ಇಷ್ಟು: 'ನಿಮ್ಮ ಹಿಸ್ಟರಿಯಲ್ಲಿ ಮನೆಯ ಎಲ್ಲರೂ ಬಂದಿದ್ದಾರೆ. ಒಬ್ಬರು ಮಾತ್ರ ಬಿಟ್ಟುಹೋಗಿದ್ದಾರೆ, ಯಾರು?' ಹುಡುಗ ನಕ್ಕ, ನಾವೂ ನಕ್ಕೆವು. ಅವನು ಇವತ್ತು ಇನ್ನೊಂದು ಊರಿನಲ್ಲಿ ಪ್ರೊಫೆಸರ್. ಅವನ ಶಿಷ್ಯರು ಬರೆದ ಕೇಸ್ ಶೀಟುಗಳಲ್ಲಿ ದನ, ನಾಯಿ, ಕೋಳಿಗಳ ಸುದ್ದಿ ತಪ್ಪದೆ ಇರುತ್ತದೆ ಎಂದು ಕೇಳಿದ್ದೇನೆ.

ತಾಳಮದ್ದಳೆ ನೋಡಿದವರಿಗೆ ಇದರ ಸೊಗಸು ಬೇಗ ಹತ್ತುತ್ತದೆ. ನುರಿತ ಅರ್ಥಧಾರಿಯೊಬ್ಬ ಎದುರಿಗೆ ಹೊಸಬ ಕೂತಾಗ ಅವನ ಬಾಯಿ ಕಟ್ಟುವ ಪ್ರಶ್ನೆ ಹಾಕಿ ಚಪ್ಪಾಳೆ ಗಿಟ್ಟಿಸಬಲ್ಲ. ದೊಡ್ಡವನು ಹಾಗೆ ಮಾಡುವುದಿಲ್ಲ. ಹೊಸಬನ ಪಾತ್ರ ಎಲ್ಲಿ ಬೆಳೆಯಬಹುದೋ ಆ ಕಡೆಗೊಂದು ಮಾತಿನ ಎಳೆ ಬಿಟ್ಟು, ಹಿಂದೆ ಸರಿದು ಕೂರುತ್ತಾನೆ. ಸಭೆಯವರು ಹೊಸಬನನ್ನು ಮೆಚ್ಚಿಕೊಂಡು ಮನೆಗೆ ಹೋಗುತ್ತಾರೆ. ಎಳೆ ಬಿಟ್ಟವರು ಯಾರೆಂದು ಗೊತ್ತಾಗುವುದು ಕೆಲವೇ ಹಳೆಯ ಪ್ರೇಕ್ಷಕರಿಗೆ.

ಬೆಂಗಳೂರಿನಲ್ಲಿ ಮನೋವೈದ್ಯರ ಈ ಗುರುಪರಂಪರೆಗೆ ಒಂದು ವಂಶಾವಳಿಯೇ ಇದೆ. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಹೊಣೆ ಹೊತ್ತಿದ್ದ ಎಂ.ವಿ. ಗೋವಿಂದಸ್ವಾಮಿ, ಬಾಲ್ಟಿಮೋರಿನಲ್ಲಿ ಅಡಾಲ್ಫ್ ಮೇಯರ್ ಅವರ ಬಳಿ ಕಲಿತು ಬಂದವರು. 1954ರಲ್ಲಿ ಆಸ್ಪತ್ರೆಯ ಮಗ್ಗುಲಲ್ಲೇ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಶುರುವಾದಾಗ ಅದರ ಮೊದಲ ನಿರ್ದೇಶಕರು ಅವರೇ. ಮರುವರ್ಷದಿಂದ ಅಲ್ಲಿ ಮನೋವೈದ್ಯರೂ ಕ್ಲಿನಿಕಲ್ ಸೈಕಾಲಜಿಸ್ಟರೂ ತಯಾರಾಗತೊಡಗಿದರು. 1974ರ ಡಿಸೆಂಬರಿನಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ಮೇಯರ್ ಸ್ವಿಟ್ಜರ್ಲೆಂಡಿನಿಂದ ಅಮೆರಿಕಕ್ಕೆ ಹೋದವರು. ರೋಗದ ಹೆಸರಿಗಿಂತ ರೋಗಿಯ ಬದುಕಿನ ಕಥೆ ದೊಡ್ಡದು ಎಂದು ನಂಬಿ, ಹುಟ್ಟಿದಂದಿನಿಂದ ವರ್ಷ ವರ್ಷದ ಆಗುಹೋಗುಗಳನ್ನು ಒಂದೇ ಹಾಳೆಯಲ್ಲಿ ಬರೆಯುವ 'ಲೈಫ್ ಚಾರ್ಟ್' ರೂಪಿಸಿದವರು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಮನೋವೈದ್ಯರ ಒಂದು ಇಡೀ ತಲೆಮಾರನ್ನು ತಿದ್ದಿದ ಆಬ್ರಿ ಲೂಯಿಸ್ ಕೂಡ ಅದೇ ಬಾಲ್ಟಿಮೋರಿನಲ್ಲಿ ಮೇಯರ್ ಬಳಿ ಕಲಿತವರೇ. ಲೂಯಿಸ್ ಎದುರು ಕೇಸ್ ಮಂಡಿಸುವುದೆಂದರೆ ಶಿಷ್ಯರ ಕಾಲು ನಡುಗುತ್ತಿತ್ತಂತೆ. 'ನಿಮಗೆ ಇದು ಹೇಗೆ ಗೊತ್ತು?' ಎಂಬ ಜಾತಿಯ ಪ್ರಶ್ನೆಗಳಿಂದ ಒಂದೊಂದೇ ಇಟ್ಟಿಗೆ ಕೀಳುತ್ತಿದ್ದರು. ನನಗೆ ಆ ಶೈಲಿ ಅಷ್ಟಾಗಿ ಹಿಡಿಸುವುದಿಲ್ಲ. ಹೆದರಿಸಿ ಕಲಿಸಿದ ನಿಖರತೆ ನಿಲ್ಲುತ್ತದೆ ನಿಜ, ಅದರ ಜೊತೆಗೆ ಹೆದರಿಸುವ ಚಟವೂ ಮುಂದಿನವರಿಗೆ ದಾಟುತ್ತದೆ. ಆ ಚಟ ಹತ್ತಿದವರು ನಮ್ಮ ಕಾಲೇಜುಗಳಲ್ಲೂ ಸಾಕಷ್ಟು ಸಿಕ್ಕಿದ್ದಾರೆ.

ಅದೇ 'ಹೇಗೆ ಗೊತ್ತು' ಎಂಬ ಪ್ರಶ್ನೆಯ ಮೃದುವಾದ ರೂಪವನ್ನು ನಾನು ನೋಡಿದ್ದು ಕೇಸ್ ಶೀಟುಗಳ ಅಂಚಿನಲ್ಲಿ. ನಮ್ಮ ಕಡೆಯ ಮನೋವೈದ್ಯಕೀಯ ಕೇಸ್ ಶೀಟು ಪುಟಗಟ್ಟಲೆ ಓಡುತ್ತದೆ. ಮೊದಲಲ್ಲೇ 'ಇನ್ಫಾರ್ಮಂಟ್' ಎಂಬ ಸಾಲು, ಅಂದರೆ ಕಾಯಿಲೆಯ ಕಥೆ ಹೇಳಿದವರು ಯಾರು ಎಂಬುದು. ಅದರ ಮುಂದೆ ರೆಸಿಡೆಂಟರು ಯೋಚಿಸದೆ ಬರೆಯುವ ಎರಡು ಪದಗಳು 'ರಿಲೈಯಬಲ್, ಅಡಿಕ್ವೇಟ್'. ನಂಬಬಹುದು, ಸಾಕಷ್ಟಿದೆ. ನಾನು ಕಂಡ ಒಬ್ಬ ಮೇಡಂ ಕೆಂಪು ಪೆನ್ನು ಮುಟ್ಟುತ್ತಿರಲಿಲ್ಲ. ಮೊನಚಾದ ಪೆನ್ಸಿಲ್, ಅದೂ ಉಜ್ಜಿದರೆ ಹೋಗುವಷ್ಟು ಹಗುರ ಬರಹ. 'ಹೆಂಡತಿ ಜಗಳಗಂಟಿ ಸ್ವಭಾವದವಳು' ಎಂದು ಬರೆದಿದ್ದ ಕಡೆ ಅಂಚಿನಲ್ಲಿ ಪುಟ್ಟದಾಗಿ, 'ಯಾರ ಪ್ರಕಾರ?' ಮುಂದಿನ ಪುಟದಲ್ಲಿ 'ಕಾಯಿಲೆಗೆ ಮುಂಚೆ ಚೆನ್ನಾಗಿದ್ದಳು' ಎಂದಿದ್ದರೆ, 'ಯಾರ ಪಾಲಿಗೆ ಚೆನ್ನಾಗಿ?' ಇನ್ಫಾರ್ಮಂಟ್ ಗಂಡ ಎಂಬುದನ್ನು ರೆಸಿಡೆಂಟ್ ಆಗ ಮತ್ತೊಮ್ಮೆ ಹೋಗಿ ನೋಡಿಕೊಳ್ಳುತ್ತಿದ್ದ, ವಾರ್ಡಿಗೆ ಹೋಗಿ ಆಕೆಯ ತವರಿನವರನ್ನು ಹುಡುಕುತ್ತಿದ್ದ. ತಿದ್ದಿ ಬರೆದ ಮೇಲೆ ಪೆನ್ಸಿಲಿನ ಗುರುತನ್ನು ಅಳಿಸಲು ಮೇಡಂ ತಾವೇ ರಬ್ಬರು ಕೊಡುತ್ತಿದ್ದರು. ದಾಖಲೆಯಲ್ಲಿ ಉಳಿಯುತ್ತಿದ್ದುದು ಶಿಷ್ಯನ ಕೈಬರಹ ಒಂದೇ. ಸ್ತ್ರೀವಾದದ ಮೇಲೆ ಅವರು ಒಂದು ಭಾಷಣವನ್ನೂ ಮಾಡಿದ್ದು ನಾನು ಕೇಳಿಲ್ಲ. ಆ ಅಂಚುಗಳಲ್ಲಿ ಅದು ಪೂರ್ತಿ ಇತ್ತು.

ಮನೋಚಿಕಿತ್ಸೆಯ ಸೂಪರ್‌ವಿಷನ್ ಎಂಬ ಪದ್ಧತಿಯಲ್ಲಿ ಇನ್ನೂ ಸೂಕ್ಷ್ಮವಾದ ಒಂದು ರಸವಿದೆ. ರೆಸಿಡೆಂಟ್ ವಾರಕ್ಕೊಮ್ಮೆ ಗುರುಗಳ ಕೋಣೆಗೆ ಬಂದು, ತಾನು ರೋಗಿಯ ಜೊತೆ ಆಡಿದ ಮಾತುಕತೆಯನ್ನು ಹೇಳಬೇಕು. 1955ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಚೆಸ್ಟ್‌ನಟ್ ಲಾಜ್ ಆಸ್ಪತ್ರೆಯ ಹೆರಾಲ್ಡ್ ಸರ್ಲ್ಸ್ ಇದರ ಬಗ್ಗೆ ಒಂದು ಲೇಖನ ಬರೆದರು. ಕೇಳುತ್ತ ಕೂತ ಗುರುವಿನ ಮನಸ್ಸಿನಲ್ಲಿ ಏಳುವ ಭಾವಗಳು ಗುರುವಿನವೇ ಆಗಿರಬೇಕಿಲ್ಲ, ಅವು ರೋಗಿಯಿಂದ ವೈದ್ಯನಿಗೆ, ವೈದ್ಯನಿಂದ ಗುರುವಿಗೆ ದಾಟಿ ಬಂದವಾಗಿರಬಹುದು ಎಂಬುದು ಅವರು ಕಂಡುಕೊಂಡ ಮಾತು. ಓದಿದಾಗ ಮಾಟ ಮಂತ್ರದ ಹಾಗೆ ಕೇಳಿಸಿತ್ತು. ಕಣ್ಣಾರೆ ನೋಡಿದ ಮೇಲೆ ಅಲ್ಲಗಳೆಯಲಾಗಲಿಲ್ಲ.

ಎಂಥ ಕೇಸಿನಲ್ಲೂ ತಾಳ್ಮೆ ಕಳೆದುಕೊಳ್ಳದ ಒಬ್ಬ ರೆಸಿಡೆಂಟ್ ಹುಡುಗಿ ಒಂದು ದಿನ ಗುರುಗಳ ಎದುರು ಕೂತವಳೇ, 'ಸಾರ್, ಏನಾದರೂ ಹೇಳಿ ಸಾರ್, ಏನು ಮಾಡಲಿ, ನೀವು ಹೇಳಿದ್ದನ್ನೇ ಮಾಡ್ತೀನಿ, ಬೇಗ ಹೇಳಿ' ಎಂದು ಗೋಗರೆಯತೊಡಗಿದಳು. ಗುರುಗಳ ನಾಲಿಗೆಯ ತುದಿಯಲ್ಲಿ ಮೂರು ಸಲಹೆಗಳು ತಯಾರಿದ್ದುದು ಅವರ ಮುಖದಲ್ಲೇ ಕಾಣುತ್ತಿತ್ತು. ಅವರು ಒಂದು ನಿಮಿಷ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸಿದರು. ಆಮೇಲೆ, 'ಇದೇ ದನಿಯಲ್ಲಿ ಈ ವಾರ ನಿನ್ನ ಹತ್ತಿರ ಯಾರಾದರೂ ಮಾತಾಡಿದ್ರೇನಮ್ಮ?' ಎಂದರು. ಹುಡುಗಿ ಬೆಪ್ಪಾದಳು. ಅವಳ ರೋಗಿ, ಇಪ್ಪತ್ತೆರಡರ ಹುಡುಗ, ಪ್ರತಿ ಭೇಟಿಯಲ್ಲೂ ಮಾಡುತ್ತಿದ್ದುದು ಅದನ್ನೇ: ನೀವು ಹೇಳಿದ್ದನ್ನೇ ಮಾಡ್ತೀನಿ ಮೇಡಂ, ಬೇಗ ಹೇಳಿ. ಅವಳು ಬೇಗ ಹೇಳುತ್ತಿದ್ದಳು. ಅವನು ಮಾಡುತ್ತಿರಲಿಲ್ಲ. ಗುರುಗಳು ಆ ಮೂರು ಸಲಹೆಗಳನ್ನು ಕೊಟ್ಟಿದ್ದರೆ ಅವಳಿಗೂ ಅದೇ ಗತಿ ಆಗುತ್ತಿತ್ತು. ಒಂದು ಪೇಪರ್‌ವೇಟ್ ಸುತ್ತುವಷ್ಟು ಹೊತ್ತು ಬಾಯಿ ತಡೆದುಕೊಂಡಿದ್ದರಿಂದ ಮೂವರಿಗೂ ದಾರಿ ತೆರೆಯಿತು.

ಮೈಕೆಲ್ ಬ್ಯಾಲಿಂಟ್ 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಸಾಮಾನ್ಯ ವೈದ್ಯರನ್ನು ಗುಂಪಾಗಿ ಕೂರಿಸಿಕೊಂಡು ನಡೆಸಿದ ಚರ್ಚೆಗಳೂ ಇದೇ ಕುಲದವು. ಅಲ್ಲಿ ಕೇಸ್ ಶೀಟು ನೋಡಿಕೊಂಡು ಹೇಳುವಂತಿಲ್ಲ, ನೆನಪಿನಿಂದಲೇ ಹೇಳಬೇಕು. ಯಾವುದು ನೆನಪಾಯಿತು, ಯಾವುದು ಮರೆತುಹೋಯಿತು ಎಂಬುದರಲ್ಲೇ ವೈದ್ಯ ಸಿಕ್ಕಿಬೀಳುತ್ತಾನೆ. ನಮ್ಮ ಪಂಜಾಬಿನ ಜಸ್ವಂತ್ ಸಿಂಗ್ ನೇಕಿ 1973ರಲ್ಲಿ ಗುರು-ಚೇಲಾ ಸಂಬಂಧವನ್ನೇ ಚಿಕಿತ್ಸೆಯ ಒಂದು ಮಾದರಿಯಾಗಿ ಇಟ್ಟು ಬರೆದರು. ಕವಿಯೂ ಆಗಿದ್ದ ನೇಕಿಯವರಿಗೆ 1979ರಲ್ಲಿ ಪಂಜಾಬಿ ಕವಿತೆಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದವರು ಇಲ್ಲಿ ಸ್ವಲ್ಪ ಬೀಗಬಹುದು: ಮೂರು ವರ್ಷ ಮುಂಚೆ, 1976ರಲ್ಲೇ, 'ಕೊರವಂಜಿ' ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, 'ಮನಮಂಥನ' ಎಂಬ ಮನೋವೈದ್ಯಕೀಯ ಬರಹಗಳಿಗೆ ಅದೇ ಪ್ರಶಸ್ತಿ ಪಡೆದಿದ್ದರು. ನಗಿಸುವವರು ಮನಸ್ಸಿನ ಕಾಯಿಲೆ ಬಗ್ಗೆ ಬರೆದದ್ದನ್ನು ದೇಶ ಗಂಭೀರವಾಗಿ ತೆಗೆದುಕೊಂಡ ಕಾಲ ಅದು.

ಅಮೃತಸರದ ಮಾನಸಿಕ ಆಸ್ಪತ್ರೆಯ ವಿದ್ಯಾಸಾಗರ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. 1950ರ ದಶಕದಲ್ಲಿ ಅವರು ರೋಗಿಗಳ ಮನೆಯವರನ್ನು ಕರೆಸಿ, ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ ಜೊತೆಯಲ್ಲೇ ಇರಿಸಿದರು. ಮನೆಯವರು ಕಾಯಿಲೆಯನ್ನು ಕಣ್ಣಾರೆ ಕಂಡು, ಅದನ್ನು ನಿಭಾಯಿಸುವುದನ್ನು ಕಲಿತು ಊರಿಗೆ ಮರಳಿದರು. ಇವತ್ತು ನಮ್ಮ ವಾರ್ಡುಗಳಲ್ಲಿ ರೋಗಿಯ ಪಕ್ಕ ಅಮ್ಮನೋ ಅಣ್ಣನೋ ಕೂತಿರುವುದು ಸಹಜವೆನಿಸುವುದರ ಹಿಂದೆ ಆ ಡೇರೆಗಳ ಪಾಲೂ ಇದೆ. ವಿದ್ಯಾಸಾಗರ್ ಬರೆದು ಪ್ರಕಟಿಸಿದ್ದು ತೀರ ಕಡಿಮೆ. ಇಂದಿನ ಬಡ್ತಿಯ ನಿಯಮದಲ್ಲಿ ಅವರ ಅರ್ಜಿ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತಿತ್ತೇನೋ.

ಇನ್ನೊಂದು ಜೋಡಿ ನಮ್ಮ ಕರಾವಳಿಗೆ ಸೇರಿದ್ದು. ಎಡಿನ್‌ಬರೋದಲ್ಲಿ ಪ್ರೊಫೆಸರ್ ಆಗಿದ್ದ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಅವರ ಕಿರಿಯ ಸಹೋದ್ಯೋಗಿ ರವಿ ಕಪೂರ್, ಶಿವರಾಮ ಕಾರಂತರ ಊರಾದ ಕೋಟದಲ್ಲಿ ಮನೆಮನೆಗೆ ಹೋಗಿ ಜನರ ಮನಸ್ಸಿನ ನೋವುಗಳನ್ನು ಅವರ ಮಾತಿನಲ್ಲೇ ಕೇಳಿ ದಾಖಲಿಸಿದರು. 1976ರಲ್ಲಿ ಬಂದ ಆ ಪುಸ್ತಕದ ಹೆಸರಿನಲ್ಲಿ ಕೋಟವನ್ನು ಒಂದು ಮಹಾವಿಶ್ವವೆಂದೇ ಕರೆದರು. ಹಿರಿಯ ಪ್ರೊಫೆಸರೊಬ್ಬರು ತಮ್ಮ ಕಿರಿಯನ ಜೊತೆ ಹಳ್ಳಿಯ ಜಗುಲಿಯಲ್ಲಿ ಕೂರುವುದು, ಪುಸ್ತಕದ ಮೇಲೆ ಇಬ್ಬರ ಹೆಸರೂ ಒಟ್ಟಿಗೆ ಬರುವುದು, ಇವೆರಡೂ ನನಗೆ ಬಲು ಚೆಂದ ಕಾಣುತ್ತವೆ. ಕಪೂರ್ ಆಮೇಲೆ ನಿಮ್ಹಾನ್ಸಿಗೆ ಬಂದರು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಲು ಕಲಿಸುವ, ಬೆಂಗಳೂರಿನ ಬಳಿಯ ಸಕಲವಾರದ ಕೆಲಸದಲ್ಲಿ ತೊಡಗಿದರು, ಕೊನೆಗಾಲದಲ್ಲಿ ಹಿಮಾಲಯದ ಸಾಧುಗಳ ಹಿಂದೆ ಹೋದರು. ಗುರು ಒಬ್ಬನೇ ಆದರೂ ಕುತೂಹಲ ಹತ್ತು ದಿಕ್ಕಿಗೆ ಹರಿಯುವುದಿದ್ದರೆ ಶಿಷ್ಯರಿಗೆ ಅದಕ್ಕಿಂತ ದೊಡ್ಡ ಅನುಮತಿ ಪತ್ರ ಬೇಕಿಲ್ಲ.

ಇಷ್ಟೆಲ್ಲ ಸವಿದ ಬಾಯಿಗೆ ಈಚಿನ ರಿಜಿಸ್ಟರುಗಳು ಕಹಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆಂದರೆ ಎಲ್ಲ ಕಾಲೇಜುಗಳಲ್ಲೂ 'ಮೆಂಟರ್-ಮೆಂಟೀ' ಪುಸ್ತಕ ದಿಢೀರನೆ ಹುಟ್ಟಿಕೊಳ್ಳುತ್ತದೆ. ಒಬ್ಬ ಮೆಂಟರಿಗೆ ಎಷ್ಟು ಮಂದಿ ಎಂಬ ಲೆಕ್ಕ, ಭೇಟಿಯ ದಿನಾಂಕ, 'ಸಮಸ್ಯೆ', 'ಪರಿಹಾರ' ಎಂಬ ಎರಡು ಕಾಲಂ, ಕೆಳಗೆ ಎರಡು ಸಹಿ. ಒಂದು ಕಾಲೇಜಿನಲ್ಲಿ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, ಮೂರು ವರ್ಷದ ಭೇಟಿಗಳು ಒಂದೇ ರಾತ್ರಿ ನಡೆದುಹೋಗಿದ್ದನ್ನು ನೋಡಿದ್ದೇನೆ. ಶಿಷ್ಯನ ಥೀಸಿಸ್‌ನಿಂದ ಬಂದ ಲೇಖನದಲ್ಲಿ ತಮ್ಮ ಹೆಸರನ್ನು ಮೊದಲು ಹಾಕಿಸಿಕೊಂಡು, ಇದೂ ಮಾರ್ಗದರ್ಶನವೇ ಎಂದವರೂ ಇದ್ದಾರೆ. ಅವರ ವಿಷಯ ಇಲ್ಲಿಗೆ ಸಾಕು.

ಆದರೆ ಸರ್ಕಾರಿ ಸುತ್ತೋಲೆಯಿಂದ ಬಂದದ್ದೆಲ್ಲ ನೀರಸ ಎಂದರೆ ಸುಳ್ಳಾಗುತ್ತದೆ. ಬೋಧಕರಾಗಿರುವವರೆಲ್ಲ ಬೋಧನೆಯ ಬೇಸಿಕ್ ಕೋರ್ಸ್ ಮಾಡಲೇಬೇಕು ಎಂದು ನಿಯಮವಾದಾಗ ಹಿರಿಯರು ಗೊಣಗಿದರು. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಪಾಠ ಮಾಡುವುದನ್ನು ಕಲಿಸುತ್ತಾರಂತೆ! ಆ ಕಾರ್ಯಾಗಾರದಲ್ಲಿ ಮೈಕ್ರೋಟೀಚಿಂಗ್ ಎಂಬ ಒಂದು ಆಟವಿದೆ. ಐದಾರು ನಿಮಿಷ ಪಾಠ ಮಾಡಬೇಕು, ಉಳಿದವರು ವಿದ್ಯಾರ್ಥಿಗಳಾಗಿ ಕೂತು ಆಮೇಲೆ ಗುಣದೋಷ ಹೇಳಬೇಕು. ಖಿನ್ನತೆಯ ಬಗ್ಗೆ ಅರ್ಧ ಗಂಟೆ ನಿಲ್ಲದೆ ಮಾತಾಡಬಲ್ಲ ನಮ್ಮ ಒಬ್ಬ ಹಿರಿಯರು ಅಲ್ಲಿ ನಿಂತು ಮೂರನೆಯ ನಿಮಿಷಕ್ಕೆ ಬೆವರಿದ್ದನ್ನು ನೋಡಿದೆ. ಮೊನ್ನೆ ತಾನೇ ಸೇರಿದ ಅಂಗರಚನಾ ವಿಭಾಗದ ಹುಡುಗಿಯೊಬ್ಬಳು, 'ಸಾರ್, ನೀವು ನಾಲ್ಕು ಪ್ರಶ್ನೆ ಕೇಳಿದ್ರಿ, ನಾಲ್ಕಕ್ಕೂ ನೀವೇ ಉತ್ತರ ಹೇಳಿಬಿಟ್ರಿ' ಎಂದಳು. ಅವರು ಜೋರಾಗಿ ನಕ್ಕು ಬರೆದುಕೊಂಡರು. ಮುಂದಿನ ವಾರದ ಅವರ ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ಕಿಟಕಿಯ ಹತ್ತಿರ ನಡೆದುಹೋಗಿ ಹೊರಗೆ ನೋಡುತ್ತ ನಿಲ್ಲುವ ಹೊಸ ಅಭ್ಯಾಸ ಶುರುವಾಯಿತು. ಉತ್ತರ ಹೇಳದಿರಲು ಅವರಿಗೆ ಅಷ್ಟು ದೂರ ಹೋಗಬೇಕಾಗುತ್ತಿತ್ತು.

ಗುರುಗಳೆಂದರೆ ಪ್ರೊಫೆಸರುಗಳೇ ಎಂದೇನಿಲ್ಲ. ಹೊರ ರಾಜ್ಯದಿಂದ ಬಂದ ಎಷ್ಟೋ ಯುವ ವೈದ್ಯರಿಗೆ ಕನ್ನಡ ಹೇಳಿಕೊಟ್ಟಿದ್ದು ವಾರ್ಡಿನ ಆಯಾಗಳು, ಸಿಸ್ಟರುಗಳು. ಪುಸ್ತಕದ ಕನ್ನಡದಲ್ಲಿ 'ನಿಮಗೆ ಆತಂಕವಿದೆಯೇ' ಎಂದು ಕೇಳಿ ಉತ್ತರ ಸಿಗದೆ ನಿಂತಿದ್ದ ಮಲಯಾಳಿ ಹುಡುಗನಿಗೆ ಆಯಾ ಒಬ್ಬರು, 'ಹಂಗಲ್ಲ ಡಾಕ್ಟ್ರೇ, ಎದೆ ಡವಡವ ಅಂತದಾ, ಕೈಕಾಲಲ್ಲಿ ನಡುಕ ಬತ್ತದಾ ಅಂತ ಕೇಳಿ' ಎಂದರು. ಆ ಆಯಾಗೆ ಎಲ್ಲೂ ಸಹಿ ಇಲ್ಲ, ರಿಜಿಸ್ಟರಿಲ್ಲ. ಅವರು ಕಲಿಸಿದ ಕನ್ನಡದಲ್ಲಿ ಆ ಹುಡುಗ ಎಂ.ಡಿ. ಪರೀಕ್ಷೆಯ ಕೇಸ್ ಮಂಡಿಸಿ ಪಾಸಾದ.

ಈ ವೃತ್ತಿಯಲ್ಲಿ ಒಂದು ದಿನ ಬರುತ್ತದೆ, ಬಹಳಷ್ಟು ಮಂದಿಗೆ. ತಾನು ನೋಡುತ್ತಿದ್ದ ರೋಗಿ ಜೀವ ಕಳೆದುಕೊಂಡ ಸುದ್ದಿ ಫೋನಿನಲ್ಲಿ ಬರುತ್ತದೆ. ಅಂಥ ಒಂದು ದಿನ ಕಿರಿಯ ಸಹೋದ್ಯೋಗಿಯ ಕೋಣೆಗೆ ವಿಭಾಗದ ಮುಖ್ಯಸ್ಥರು ಬಂದು ಕೂತಿದ್ದು ನನಗೆ ಗೊತ್ತು. ಎಲ್ಲಿ ತಪ್ಪಾಯಿತು ಎಂದೂ ಕೇಳಲಿಲ್ಲ, ನಿನ್ನ ತಪ್ಪಿಲ್ಲ ಎಂದೂ ಹೇಳಲಿಲ್ಲ. ಎರಡೂ ಆ ಹೊತ್ತಿನಲ್ಲಿ ಸುಳ್ಳೇ. 'ಅವರ ಮನೆಯವರಿಗೆ ಫೋನ್ ಮಾಡಬೇಕಲ್ಲ, ನಾನು ಪಕ್ಕದಲ್ಲಿ ಕೂತಿರ್ತೀನಿ, ನೀನೇ ಮಾತಾಡು' ಎಂದರು. ಫೈಲು ತೆರೆದು ಇಬ್ಬರೂ ಓದಿದ್ದು ಹತ್ತು ದಿನ ಕಳೆದ ಮೇಲೆ.

ಸುಮ್ಮನಿರುವುದಕ್ಕೂ ಹದವಿದೆ, ಅದು ಉದಾಸೀನವಾಗಲು ಹೆಚ್ಚು ಹೊತ್ತು ಬೇಡ. ಆ ಹದವನ್ನು ನಾನು ತೀರ ಹತ್ತಿರದಿಂದ ನೋಡಿದ್ದು ಒಂದು ವಾರ್ಡ್ ರೌಂಡ್ಸಿನಲ್ಲಿ. ಹೊಸ ಅಸಿಸ್ಟೆಂಟ್ ಪ್ರೊಫೆಸರ್ ಮೊದಲ ಸಲ ತಾನೇ ರೌಂಡ್ಸ್ ನಡೆಸುತ್ತಿದ್ದರು. ಯೂನಿಟ್ಟಿನ ಹಿರಿಯರು ಹಿಂದೆ, ಕಿಟಕಿಯ ಪಕ್ಕ ನಿಂತಿದ್ದರು. ಲಿಥಿಯಂ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರ ಬಗ್ಗೆ ಆಕೆ, 'ಡೋಸ್ ಹೀಗೇ ಇರಲಿ, ಮುಂದಿನ ವಾರ ಲೆವೆಲ್ ನೋಡೋಣ' ಎಂದರು. ಕೂಡಲೇ ರೆಸಿಡೆಂಟರ ಆರೂ ಜೋಡಿ ಕಣ್ಣುಗಳು ಆಕೆಯ ಹೆಗಲ ಮೇಲಿಂದ ಹಾದು ಹಿರಿಯರ ಮುಖಕ್ಕೆ ಹೋದವು. ಹೌದೇ? ಸರಿಯೇ? ಆಕೆಗೂ ಅದು ತಿಳಿಯಿತು, ಕುತ್ತಿಗೆ ಬಿಗಿಯಾಯಿತು. ಹಿರಿಯರು ತಲೆಯಾಡಿಸಲಿಲ್ಲ, ಹುಬ್ಬು ಏರಿಸಲಿಲ್ಲ. ತಮ್ಮ ನೋಟವನ್ನು ನಿಧಾನವಾಗಿ ಆಕೆಯ ಕಡೆಗೆ ತಿರುಗಿಸಿ, ಉಳಿದವರಂತೆ ತಾವೂ ಆಕೆಯ ಮುಂದಿನ ಮಾತಿಗೆ ಕಾಯುವವರ ಹಾಗೆ ನಿಂತರು. ಆರು ಜೋಡಿ ಕಣ್ಣುಗಳೂ ಅವರನ್ನು ಹಿಂಬಾಲಿಸಿ ಆಕೆಯ ಮೇಲೆ ಬಂದು ನಿಂತವು. ರೌಂಡ್ಸ್ ಮುಂದಿನ ಹಾಸಿಗೆಗೆ ಸಾಗಿತು. ಹಿರಿಯರು ಮಾತ್ರ ಒಂದು ನಿಮಿಷ ಹಿಂದುಳಿದು ಸಿಸ್ಟರ್ ಮೇಜಿನ ಹತ್ತಿರ ಏನೋ ಹೇಳಿ ಬಂದರು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಆಕೆ ತಡೆಯಲಾರದೆ ಕೇಳಿದರು. 'ಸಾರ್, ಅವರೆಲ್ಲ ನಿಮ್ಮನ್ನೇ ನೋಡ್ತಿದ್ರು. ಒಂದು ಮಾತು ಆಡಲಿಲ್ಲವಲ್ಲ, ನಾನು ತಪ್ಪು ಹೇಳಿದ್ದಿದ್ರೆ?'

'ತಪ್ಪೇ ಹೇಳಿದ್ದೆ ಕಣಮ್ಮ' ಎಂದರು ಅವರು ವಡೆ ಮುರಿಯುತ್ತ. 'ಅವರಿಗೆ ಮಂಡಿ ನೋವು ಅಂತ ರಾತ್ರಿ ಡ್ಯೂಟಿಯವರು ಡೈಕ್ಲೋಫಿನ್ಯಾಕ್ ಶುರು ಮಾಡಿದಾರೆ. ಸಿಸ್ಟರ್ ನೋಟ್ಸಲ್ಲಿ ಇತ್ತು. ಲಿಥಿಯಂ ಏರುತ್ತೆ. ಅದನ್ನ ನಿಲ್ಲಿಸೋಕೆ ಹೇಳಿ ಬಂದಿದೀನಿ. ಲೆವೆಲ್ಲಿಗೆ ಮುಂದಿನ ವಾರ ಕಾಯೋದು ಬೇಡ, ನಾಳೆ ಬೆಳಿಗ್ಗೆ ಮಾತ್ರೆ ಕೊಡೋಕೆ ಮುಂಚೆ ರಕ್ತ ಕಳಿಸು. ಆರ್ಡರ್ ನೀನೇ ಬರಿ.'

ಆಕೆಯ ಮುಖ ಕೆಂಪಾಯಿತು. 'ಅಲ್ಲೇ ಹೇಳಬಹುದಿತ್ತಲ್ಲ ಸಾರ್.'

'ಹೇಳಬಹುದಿತ್ತು. ಹೇಳಿದ್ರೆ ನಾಳೆಯಿಂದ ಆ ಆರು ಜನ ನನ್ನನ್ನೇ ಕೇಳ್ತಾರೆ. ನಾನು ಮಾರ್ಚಿಗೆ ರಿಟೈರು. ಚಟ್ನಿ ಈ ಕಡೆ ತಳ್ಳು.'

ಆಕೆ ಚಟ್ನಿ ತಳ್ಳಿ, ಫೋನ್ ತೆಗೆದು ರೆಸಿಡೆಂಟಿಗೆ ಕರೆ ಮಾಡಿದರು.